ಆದಿವಾಸಿ ನೆಲದಲ್ಲಿ ಉದ್ದಿಮೆ: ಮಾತುಕತೆ ಆರಂಭಿಸುವ ಕ್ರಮ

ಅರಣ್ಯ ಪ್ರದೇಶದಲ್ಲಿ ಗಣಿ ಅಥವಾ ಕಾರ್ಖಾನೆ ತೆರೆಯಬಯಸುವ ಕಂಪನಿಯು ಯೋಜನೆಯ ನಕ್ಷೆಯನ್ನು ಅಂತಿಮಗೊಳಿಸುವ ಮೊದಲೇ ಅಲ್ಲಿನ ಆದಿವಾಸಿಗಳೊಂದಿಗೆ ಮಾತುಕತೆ ಆರಂಭಿಸಬೇಕು. ಯಂತ್ರಗಳು ಬಂದಿಳಿದ ಮೇಲೆ ಒಪ್ಪಿಗೆ ಕೇಳುವುದು ಬರೀ ಶಾಸ್ತ್ರಕ್ಕೆ.

ಒಡಿಶಾದ ನಿಯಮಗಿರಿಯಲ್ಲಿ ನಡೆದದ್ದನ್ನು ಮೊದಲು ಓದಿಕೊಳ್ಳಿ. ಆ ಬೆಟ್ಟದ ತಪ್ಪಲಿನ ಲಾಂಜಿಗಢದಲ್ಲಿ ಅಲ್ಯೂಮಿನಾ ಸಂಸ್ಕರಣಾಗಾರ ಎದ್ದು ನಿಂತ ಎಷ್ಟೋ ಕಾಲದ ನಂತರ, ಅದಕ್ಕೆ ಬೇಕಾದ ಅದಿರು ಬಾಕ್ಸೈಟ್ ಇರುವ ಬೆಟ್ಟವನ್ನು ತಮ್ಮ ದೇವರು ನಿಯಮರಾಜನ ನೆಲೆಯೆಂದು ಪೂಜಿಸುವ ಡೋಂಗ್ರಿಯಾ ಕೊಂಧ ಆದಿವಾಸಿಗಳ ಧಾರ್ಮಿಕ ಹಕ್ಕುಗಳನ್ನೂ ಗ್ರಾಮಸಭೆಗಳು ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಅದೇ ವರ್ಷ ಸೇರಿದ 12 ಗ್ರಾಮಸಭೆಗಳೂ ಗಣಿಗಾರಿಕೆಯನ್ನು ತಿರಸ್ಕರಿಸಿದವು.

ಆದ್ದರಿಂದ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಕೆಯಾದ ವೈಯಕ್ತಿಕ ಮತ್ತು ಸಮುದಾಯ ಹಕ್ಕುಗಳ ಅರ್ಜಿಗಳು ಇತ್ಯರ್ಥವಾಗಿವೆಯೇ ಎಂದು ವಿಚಾರಿಸಿ. ಯಾವ ಹಳ್ಳದಿಂದ ಎಷ್ಟು ನೀರು ಎತ್ತಲಾಗುವುದು, ಅಗೆದ ಮಣ್ಣನ್ನು ಎಲ್ಲಿ ಸುರಿಯಲಾಗುವುದು, ದೇವರ ಬನಕ್ಕೆ ಹೋಗುವ ದಾರಿ ಉಳಿಯುವುದೇ ಎಂಬುದನ್ನು ಆದಿವಾಸಿಗಳ ಮಾತಿನಲ್ಲೇ ವಿವರಿಸಿ. ಸಭೆಯ ದಿನವನ್ನು ಬಿತ್ತನೆಯ ಕಾಲ ಬಿಟ್ಟು ಊರವರೇ ಗೊತ್ತುಮಾಡಲಿ. ನಿಯಮದಂತೆ ಗ್ರಾಮಸಭೆಯ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಪೊಲೀಸ್ ಬಂದೋಬಸ್ತಿನ ನಡುವೆ, ಅಧಿಕಾರಿಗಳು ವೇದಿಕೆ ತುಂಬಿ ಕುಳಿತ ಕಡೆ ಯಾರೂ ಮನಬಿಚ್ಚಿ ಮಾತನಾಡುವುದಿಲ್ಲ.

ಒಪ್ಪಂದವಾದರೆ ಉದ್ಯೋಗ, ಪರಿಹಾರ, ನೀರಿನ ತಪಾಸಣೆಗಳ ಷರತ್ತುಗಳನ್ನು ಬರವಣಿಗೆಯಲ್ಲಿ ದಾಖಲಿಸಿ, ಒಂದು ಪ್ರತಿಯನ್ನು ಗ್ರಾಮಸಭೆಗೆ ಕೊಡಬೇಕು. ಅವರು ಬೇಡವೆಂದರೆ ಹಿಂದೆ ಸರಿಯುವ ತೀರ್ಮಾನವನ್ನು ಆಡಳಿತ ಮಂಡಳಿ ಮೊದಲೇ ಮಾಡಿಕೊಂಡಿರುವುದು ಒಳ್ಳೆಯದು.