ಬ್ಯಾಟರಿಗಿಂತ ಮೊದಲು ಪ್ಯಾನೆಲ್: ಮಲೆನಾಡಿನ ಮನೆಯ ಸೋಲಾರ್ ದೊಡ್ಡದು ಮಾಡಿದ ನನ್ನ ಅನುಭವ

ಶಿರಸಿ ತಾಲೂಕಿನ ನಮ್ಮೂರಿನಲ್ಲಿ ಆರ್ದ್ರಾ ಮಳೆ ಹಿಡಿಯಿತೆಂದರೆ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಕಾಡಿನೊಳಗಿಂದ ಬರುವ ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. 2018ರಲ್ಲಿ ಕೊಟ್ಟಿಗೆಯ ಮಾಡಿನ ಮೇಲೆ 330 ವ್ಯಾಟಿನ ಎರಡು ಪ್ಯಾನೆಲ್, ಒಳಗೆ 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ ಇಟ್ಟು 24 ವೋಲ್ಟಿನ ಸೋಲಾರ್ ಮಾಡಿಕೊಂಡಿದ್ದೆವು. ದೀಪ, ಟಿವಿಗೆ ಅದು ಸಾಕಿತ್ತು. ಅಮ್ಮನಿಗೆ ಇನ್ಸುಲಿನ್ ಶುರುವಾದ ಮೇಲೆ ಸಾಲದಾಯಿತು. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಅಂದರೆ ಫ್ರಿಜ್ ನಿಲ್ಲುವಂತಿಲ್ಲ. 2024ರ ಮಳೆಗಾಲದಲ್ಲಿ, ಆರು ವರ್ಷ ದುಡಿದ ಆ ಬ್ಯಾಟರಿಗಳು ಫ್ರಿಜ್ ಹಚ್ಚಿದ ಎರಡೇ ತಾಸಿಗೆ ಸೋತವು. ಔಷಧಿಯನ್ನು ಮಣ್ಣಿನ ಮಡಕೆಯಲ್ಲಿಟ್ಟು ಎರಡು ರಾತ್ರಿ ಕಳೆದೆವು. ಆಗಲೇ ನಿರ್ಧರಿಸಿದೆ.

ಗೃಹಜ್ಯೋತಿಯಿಂದ ನಮ್ಮ ಬಿಲ್ಲು ಹೇಗೂ ಸೊನ್ನೆ. ಹಾಗಾಗಿ ಹಾಕಿದ ದುಡ್ಡು ಬಿಲ್ಲಿನಲ್ಲಿ ವಾಪಸು ಬರುತ್ತದೆ ಎಂಬ ಲೆಕ್ಕವೇ ನಮಗಿರಲಿಲ್ಲ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಅದನ್ನೂ ಯೋಚಿಸಿದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಹಾಕುವ, ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಮಾಮೂಲಿ ಆನ್‌ಗ್ರಿಡ್ ಇನ್ವರ್ಟರ್, ಲೈನ್ ಸತ್ತ ಕೂಡಲೇ ತಾನೂ ನಿಲ್ಲುತ್ತದೆ; ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ನಮಗೆ ಬೇಕಾಗಿದ್ದದ್ದು ಕರೆಂಟಿಲ್ಲದ ರಾತ್ರಿಯ ಕರೆಂಟು. ಅದಕ್ಕೇ ಆ ದಾರಿ ಬಿಟ್ಟೆ.

ಸಾಮಾನು ಕೊಳ್ಳುವ ಮೊದಲು ಎರಡು ವಾರ ಅಳತೆ ಮಾಡಿದೆ. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ತಂದು ಒಂದೊಂದನ್ನೇ ನೋಡುತ್ತ ಹೋದೆ. ಫ್ರಿಜ್ ದಿನಕ್ಕೆ ಸುಮಾರು ಒಂದು ಯೂನಿಟ್. ಹಳೇ ಫ್ಯಾನು 75 ವ್ಯಾಟ್ ಎಳೆಯುತ್ತಿತ್ತು. ಅವನ್ನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದೆ. (ನಮ್ಮಲ್ಲಿ ಮಳೆಗಾಲದಲ್ಲಿ ಫ್ಯಾನು ತಿರುಗುವುದು ಬಟ್ಟೆ ಒಣಗಲಿ ಎಂದು.) ಇವುಗಳ ಜೊತೆ ದೀಪ, ರೌಟರ್, ಮಿಕ್ಸರ್, ಟಿವಿ ಎಲ್ಲ ಸೇರಿ ದಿನಕ್ಕೆ ಮೂರು ಯೂನಿಟ್ ಆಯಿತು. ಇಲ್ಲಿ ಹೆಚ್ಚಿನವರು ಮರೆಯುವ ಒಂದು ಬಾಬತ್ತಿದೆ: ದೊಡ್ಡ ಇನ್ವರ್ಟರ್ ಸುಮ್ಮನೆ ಆನ್ ಇರಲಿಕ್ಕೇ 40 ವ್ಯಾಟಿನಷ್ಟು ತಿನ್ನುತ್ತದೆ. 24 ತಾಸಿಗೆ ಅದೇ ಒಂದು ಯೂನಿಟ್. ಒಟ್ಟು ನಾಲ್ಕು.

ಅಂಗಡಿಯಲ್ಲಿ 5 ಯೂನಿಟಿನ ಲಿಥಿಯಂ ಬ್ಯಾಟರಿ ಎರಡು ತೆಗೆದುಕೊಳ್ಳಿ, ಎರಡು ದಿನ ಚಿಂತೆಯಿಲ್ಲ ಎಂದರು. ಮೊದಲ ಎರಡು ದಿನದ ಮಟ್ಟಿಗೆ ಆ ಮಾತು ಸರಿ. ಆದರೆ ಪುನರ್ವಸು, ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಒಮ್ಮೆ ಖಾಲಿಯಾದ ಬ್ಯಾಟರಿಯನ್ನು ಮತ್ತೆ ತುಂಬುವವರು ಯಾರು? ತುಂಬದ ಹಂಡೆ ಒಂದಿದ್ದರೇನು, ಎರಡಿದ್ದರೇನು. ಒಂದೇ ಬ್ಯಾಟರಿ ಕೊಂಡು, ಎರಡನೆಯದರ ದುಡ್ಡನ್ನು 540 ವ್ಯಾಟಿನ ನಾಲ್ಕು ಪ್ಯಾನೆಲ್ಲಿಗೂ ಅದರ ಕಬ್ಬಿಣದ ಚೌಕಟ್ಟಿಗೂ ಹಾಕಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ತೀರ್ಮಾನ ಇದು.

ಚೌಕಟ್ಟನ್ನು ಅಡಿಕೆ ಒಣಗಿಸುವ ಅಂಗಳದ ಉತ್ತರದ ಅಂಚಿಗೆ ನಿಲ್ಲಿಸಿದೆವು. ಕೊಯ್ಲಿನ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಅಂಗಳದ ಹೊರಗೆ ಬೀಳುತ್ತದೆ, ಅಡಿಕೆಯ ಬಿಸಿಲು ತಪ್ಪುವುದಿಲ್ಲ. ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ.

ಹಳೇ ಪ್ಯಾನೆಲ್ ಬಿಸಾಡಲು ಮನಸ್ಸಾಗಲಿಲ್ಲ. ಹೊಸದರ ಜೊತೆ ಸೀರೀಸಿನಲ್ಲಿ (ಒಂದರ ಹಿಂದೊಂದಾಗಿ) ಸೇರಿಸಿಬಿಡಿ ಎಂದವರಿದ್ದರು. ಹಾಗೆ ಮಾಡಿದರೆ 13 ಆಂಪಿಯರ್ ಕೊಡಬಲ್ಲ ಹೊಸ ಪ್ಯಾನೆಲ್, ಹಳೆಯದರ 9 ಆಂಪಿಯರಿಗೆ ಕಟ್ಟುಬೀಳುತ್ತದೆ. ಹೊಸ ನಾಲ್ಕನ್ನು ಸೀರೀಸ್ ಮಾಡಿ ಸುಮಾರು 165 ವೋಲ್ಟಿನಲ್ಲಿ ಇನ್ವರ್ಟರಿಗೆ ಕೊಟ್ಟೆ. ಹಳೆಯ ಎರಡಕ್ಕೆ ಪ್ರತ್ಯೇಕ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ ಅತಿ ಹೆಚ್ಚು ಶಕ್ತಿ ಕೊಡುವ ವೋಲ್ಟಿನಲ್ಲೇ ಅದನ್ನು ಓಡಿಸುವಂಥದು) ಹಾಕಿ ಅದೇ ಬ್ಯಾಟರಿಗೆ ಸೇರಿಸಿದೆ. ಮೊದಲಿದ್ದ ಪಿಡಬ್ಲ್ಯುಎಂ ಎಂಬ ಸರಳ ಬಗೆಯ ಕಂಟ್ರೋಲರ್ 37 ವೋಲ್ಟಿನ ಪ್ಯಾನೆಲ್ಲನ್ನು ಬ್ಯಾಟರಿಯ 27 ವೋಲ್ಟಿಗೆ ಎಳೆದು ಕಾಲುಭಾಗಕ್ಕೂ ಹೆಚ್ಚು ಶಕ್ತಿಯನ್ನು ಹಾಳು ಮಾಡುತ್ತಿತ್ತು. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

24 ವೋಲ್ಟಿನಿಂದ 48ಕ್ಕೆ ಹೋದದ್ದು ಕೇಬಲ್ಲಿನ ಸಲುವಾಗಿ. 3 ಕಿಲೋವ್ಯಾಟ್ ಎಳೆದರೆ 24ರಲ್ಲಿ 125 ಆಂಪಿಯರ್, 48ರಲ್ಲಿ ಅದರರ್ಧ. ಅರ್ಧವಾದರೂ ಸಣ್ಣ ಪ್ರವಾಹವಲ್ಲ. ಬ್ಯಾಟರಿ ಕೇಬಲ್ಲಿನ ಒಂದು ಲಗ್ಗನ್ನು (ತುದಿಗೆ ಕೂರಿಸಿ ಬೋಲ್ಟಿಗೆ ಸಿಕ್ಕಿಸುವ ಲೋಹದ ತುಂಡು) ನಾನೇ ಸುತ್ತಿಗೆಯಿಂದ ಬಡಿದು ಕೂರಿಸಿದ್ದೆ. ಮೂರನೇ ದಿನ ಮಿಕ್ಸರ್, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಓಡುವಾಗ ಸುಟ್ಟ ರಬ್ಬರಿನ ವಾಸನೆ ಬಂತು. ಮುಟ್ಟಿದರೆ ಲಗ್ ಕೈಸುಡುತ್ತಿತ್ತು. ಎಲ್ಲ ಆಫ್ ಮಾಡಿ, ಪರಿಚಯದ ಇಲೆಕ್ಟ್ರಿಷಿಯನ್ ಹತ್ತಿರ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಅಷ್ಟೂ ಲಗ್ ಒತ್ತಿಸಿದೆ. ದಯವಿಟ್ಟು ಇದೊಂದರಲ್ಲಿ ಉಳಿತಾಯ ಮಾಡಬೇಡಿ. ಹಾಗೆಯೇ ಪ್ಯಾನೆಲ್ ಕಡೆ ಡಿಸಿಗೆಂದೇ ಮಾಡಿದ ಎಂಸಿಬಿಯನ್ನೇ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನೇ ಆರುತ್ತದೆ. ಡಿಸಿಯ ಕಿಡಿ ಹಾಗೆ ಆರುವುದಿಲ್ಲ.

ಇನ್ನೊಂದು ತಪ್ಪು ಸೆಟ್ಟಿಂಗಿನದು. ಇನ್ವರ್ಟರ್ ಬಂದಾಗ ಅದು ನೀರು ಹಾಕುವ ಬ್ಯಾಟರಿಯ ಲೆಕ್ಕದಲ್ಲಿತ್ತು. ನಮ್ಮ ಲಿಥಿಯಂ ಬ್ಯಾಟರಿಯಲ್ಲಿ 16 ಸೆಲ್; ಒಂದೊಂದು 3.65 ವೋಲ್ಟ್ ಮೀರುವಂತಿಲ್ಲ, ಒಟ್ಟು 58.4. ಈಕ್ವಲೈಸ್ ಚಾರ್ಜು (ನೀರಿನ ಬ್ಯಾಟರಿಗೆ ಆಗಾಗ ಕೊಡುವ ಹೆಚ್ಚು ವೋಲ್ಟಿನ ಚಾರ್ಜು) ಆ ಗಡಿಗೆ ಏರಿಸಿದಾಗ ಒಳಗಿನ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ರಕ್ಷಣೆಗೆಂದು ಬ್ಯಾಟರಿಯನ್ನೇ ಕತ್ತರಿಸಿತು, ಮನೆ ಕತ್ತಲಾಯಿತು. ಈಕ್ವಲೈಸ್ ಬಂದ್ ಮಾಡಿ ಚಾರ್ಜಿಂಗ್ ಮಿತಿಯನ್ನು 56ಕ್ಕೆ ಇಳಿಸಿದ ಮೇಲೆ ಆ ತೊಂದರೆ ಬಂದಿಲ್ಲ. ಈ ಬಗೆಯ ಲಿಥಿಯಂನಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಮುಕ್ಕಾಲು ತುಂಬಿದ್ದರೂ ಅರ್ಧ ತುಂಬಿದ್ದರೂ ಹೆಚ್ಚುಕಡಿಮೆ ಅದೇ ಅಂಕಿ. ಬಿಎಂಎಸ್ ಲೆಕ್ಕವಿಡುವ ಶೇಕಡಾವಾರನ್ನೇ ನೋಡಬೇಕು.

ಅರ್ಥಿಂಗ್ ನಮ್ಮ ಕಡೆ ಕಷ್ಟ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಸಿಡಿಲು ಬರುವುದೂ ಏಪ್ರಿಲ್, ಮೇಯಲ್ಲೇ. ಬಚ್ಚಲ ನೀರು ಹೋಗುವ ಬಾಳೆಬುಡದ ಹತ್ತಿರ, ವರ್ಷವಿಡೀ ತೇವವಿರುವಲ್ಲಿ ಗುಂಡಿ ತೋಡಿಸಿದೆ. ಇನ್ವರ್ಟರಿನ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೇನೆ. ಹಲ್ಲಿ ಒಳಹೊಕ್ಕು ಬೋರ್ಡು ಸುಟ್ಟದ್ದನ್ನು ನೆಂಟರ ಮನೆಯಲ್ಲಿ ನೋಡಿದ್ದೆ.

2025ರ ಪುಷ್ಯ ಮಳೆಯಲ್ಲಿ ಪರೀಕ್ಷೆಯಾಯಿತು. ಹಳೇದು ಹೊಸದು ಸೇರಿ 2.8 ಕಿಲೋವ್ಯಾಟ್ ಪ್ಯಾನೆಲ್, ಒಂದು ದಿನ ಕೊಟ್ಟದ್ದು ಬರೀ 1.7 ಯೂನಿಟ್. ಫೆಬ್ರುವರಿಯಲ್ಲಿ ಅಷ್ಟನ್ನು ಒಂದು ತಾಸಿನೊಳಗೆ ಕೊಟ್ಟಿದ್ದವು! ಬರೀ ಹಳೇ ಎರಡೇ ಪ್ಯಾನೆಲ್ ಇದ್ದಿದ್ದರೆ ಅರ್ಧ ಯೂನಿಟೂ ಆಗುತ್ತಿರಲಿಲ್ಲ. ಟಿವಿ, ಫ್ಯಾನು ಬಿಟ್ಟು ಫ್ರಿಜ್, ದೀಪ, ರೌಟರ್ ಮಾತ್ರ ಓಡಿಸಿದೆವು. ನಡುನಡುವೆ ತಾಸರ್ಧ ತಾಸು ಕರೆಂಟು ಬರುತ್ತಿತ್ತು, ಆದರೆ 150, 160 ವೋಲ್ಟ್. ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿದ್ದಾಗ 170ರ ಕೆಳಗಿನದನ್ನು ಕರೆಂಟೇ ಅಲ್ಲವೆಂದು ಬಿಟ್ಟುಬಿಡುತ್ತಿತ್ತು. ಕಡಿಮೆ ವೋಲ್ಟನ್ನೂ ಒಪ್ಪುವ ಎಪಿಎಲ್ ಮೋಡಿಗೆ ಬದಲಿಸಿ, ಲೈನಿನಿಂದ ಎಳೆಯುವ ಚಾರ್ಜನ್ನು 10 ಆಂಪಿಯರಿಗೆ ಕಟ್ಟಿದ ಮೇಲೆ ಅದನ್ನೂ ತುಂಬಿಕೊಳ್ಳತೊಡಗಿತು. ಆ ಒಂಬತ್ತು ದಿನಗಳಲ್ಲಿ ಬ್ಯಾಟರಿ ಒಮ್ಮೆ 22 ಶೇಕಡಾಕ್ಕೆ ಇಳಿಯಿತು, ಫ್ರಿಜ್ ನಿಲ್ಲಲಿಲ್ಲ.

ಈಗ ಅಮ್ಮ ಮಿಕ್ಸರ್ ಹಾಕುವ ಮೊದಲು ಅಡುಗೆಮನೆಯಿಂದಲೇ ಕೇಳುತ್ತಾಳೆ, “ತಮಾ, ಬ್ಯಾಟ್ರಿ ಎಷ್ಟಿದ್ದು?” ನಲವತ್ತರ ಕೆಳಗಿದ್ದರೆ ಒರಳುಕಲ್ಲು ಎಳೆದುಕೊಳ್ಳುತ್ತಾಳೆ. ಆಶ್ಲೇಷಾ ಮಳೆ ಮುಗಿದ ಮೇಲೆ ಪ್ಯಾನೆಲ್ಲಿನ ಕೆಳಅಂಚಿಗೆ ಹಿಡಿದಿದ್ದ ಪಾಚಿಯನ್ನು ಮೆತ್ತನೆಯ ಬಟ್ಟೆಯಿಂದ ತೊಳೆದೆ. ಎರಡನೇ ಬ್ಯಾಟರಿಗೆಂದು ಗೋಡೆಯಲ್ಲಿ ಬಿಟ್ಟ ಜಾಗ ಖಾಲಿಯೇ ಇದೆ. ಮುಂದೆ ದುಡ್ಡು ಕೂಡಿದರೆ ಮೊದಲು ಇನ್ನೆರಡು ಪ್ಯಾನೆಲ್ ತರುತ್ತೇನೆ.