ಕಾಫಿ ಎಲೆ ತುಕ್ಕು: ಮಳೆಗೆ ಮುಂಚೆ ಏನ್ ಮಾಡ್ಬೇಕು

ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆ ಅರೇಬಿಕಾ ಕಾಫಿ ಇಟ್ಕೊಂಡಿರೋರು ಮೊದ್ಲು ಎಲೆ ತಿರುಗಿಸಿ ನೋಡೋದು ರೂಢಿ ಮಾಡ್ಕೊಳಿ. ಮೇಲೆ ಹಳದಿ ಚುಕ್ಕೆ, ಕೆಳಗೆ ಕಿತ್ತಳೆ ಪುಡಿ ಇದ್ರೆ ತುಕ್ಕೇ, ಒರೆಸಿದ್ರೆ ಬೆರಳಿಗೆ ಅಂಟತ್ತೆ.

"ನಮ್ದು ರೋಗ ಬರದ ತಳಿ" ಅಂತ ಸುಮ್ನೆ ಕೂರ್ಬೇಡಿ ದಯವಿಟ್ಟು. ತುಕ್ಕು ತರೋ ಶಿಲೀಂಧ್ರದಲ್ಲಿ, ಬೇರೆ ಬೇರೆ ತಳಿಗೆ ತಗಲೋ 40ಕ್ಕೂ ಹೆಚ್ಚು ಒಳಬಗೆಗಳು, ಅಂದ್ರೆ ರೇಸ್‌ಗಳಿವೆ, ಒಂದೇ ಶಿಲೀಂಧ್ರದಲ್ಲೂ ಬೇರೆ ಬೇರೆ ರೇಸ್ ಇರತ್ತೆ ಅಂತ 1930ರ ದಶಕದಲ್ಲೇ ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮೇನ್ ಅನ್ನೋ ವಿಜ್ಞಾನಿ ತೋರಿಸಿದ್ರು, ಕೆಂಟ್ಸ್ ತಳಿ ಮೊದ್ಲು ತಡ್ಕೊಂಡಿತ್ತು ಆಮೇಲೆ ಹೊಸ ರೇಸ್ ಬಂದು ಅದೂ ಸೋತ್ಹೋಯ್ತು, ಎಸ್ 795 ತಳಿಗೂ ಈಗ ಧಾರಾಳವಾಗಿ ತಗಲತ್ತೆ. 2007ರಲ್ಲಿ ಬಿಟ್ಟ ಚಂದ್ರಗಿರಿ ತಳಿ ಇದ್ರೂ ಕಣ್ಣಿಟ್ಟಿರಿ.

ತುಕ್ಕಿಗೆ ಹೊಡೆಯೋ ಔಷಧಿ ಬೋರ್ಡೋ ದ್ರಾವಣ, 0.5 ಪರ್ಸೆಂಟ್‌ಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಒಳ್ಳೆ ಸುಣ್ಣ, ಒಟ್ಟು 200 ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮಲ್ಲಿ ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ನಿಧಾನಕ್ಕೆ ಹಾಕ್ತಾ ಕಲಕ್ತಾ ಇರಿ, ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಬಣ್ಣ ಹಿಡಿದ್ರೆ ಇನ್ನೂ ಸ್ವಲ್ಪ ಸುಣ್ಣ ಬೇಕು ಅಂತ. ಅವತ್ತೇ ಖಾಲಿ ಮಾಡಿ, ನಾಳೆಗೆ ಇಡ್ಬೇಡಿ.

ಮುಂಗಾರಿಗೆ ಮುಂಚೆ ಒಂದ್ ಸಲ ಹೊಡೀರಿ, ಮಳೆ ಬಿಡುವು ಕೊಟ್ಮೇಲೆ ಸೆಪ್ಟೆಂಬರ್ ಹೊತ್ತಿಗೆ ಇನ್ನೊಂದ್ ಸಲ. ಎಲೆ ಕೆಳಭಾಗಕ್ಕೆ ಬೀಳ್ಲೇಬೇಕು, ಯಾಕಂದ್ರೆ ಬೀಜಾಣು ಒಳಗೆ ಹೋಗೋದು ಅಲ್ಲಿಂದ್ಲೇ. ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಮಾಡ್ಸಿ, ಕಂಬಚಿಗುರು (ಕಾಂಡದಿಂದ ನೆಟ್ಟಗೆ ಏಳೋ ಬೇಡದ ಚಿಗುರು) ತೆಗೆಸಿ, ಎಲೆ ಮೇಲಿನ ನೀರು ಬೇಗ ಆರಿದ್ರೆ ಬೀಜಾಣು ಮೊಳೆಯೋಕೇ ಆಗಲ್ಲ.