‘ಚೀಲ ತಗದು ಒಗೀರಿ ಡಾಕ್ಟ್ರ’

ಹಾವೇರಿಯಲ್ಲಿ ಹೆಂಗಸರ ದವಾಖಾನೆ ಇಟ್ಟು ಹದಿನೆಂಟು ವರ್ಷವಾಯಿತು. ಈ ಹದಿನೆಂಟು ವರ್ಷದಲ್ಲಿ ನನ್ನ ಕಿವಿಗೆ ಎಲ್ಲಕ್ಕಿಂತ ಹೆಚ್ಚು ಬಿದ್ದ ಮಾತು ಇದು: ‘ಚೀಲ ತಗದು ಒಗೀರಿ ಡಾಕ್ಟ್ರ, ಸಾಕಾಗಿ ಹೋಗೈತಿ.’ ಹೇಳುವವರ ವಯಸ್ಸು ಮೂವತ್ತು, ಮೂವತ್ತೆರಡು. ಒಮ್ಮೊಮ್ಮೆ ಇಪ್ಪತ್ತೆಂಟು.

ಗರ್ಭಕೋಶಕ್ಕೆ ನಮ್ಮ ಕಡೆ ಗರ್ಭಚೀಲ ಅನ್ನುತ್ತಾರೆ. ಈ ಶಬ್ದವೇ ಅರ್ಧ ಕೆಲಸ ಕೆಡಿಸಿದೆ ಅಂತ ನನಗೆ ಅನಿಸಿದ್ದುಂಟು. ಚೀಲ ಅಂದ ಮೇಲೆ ಒಳಗಿನ ಸಾಮಾನು ಖಾಲಿಯಾದರೆ ಮಡಚಿಡಬಹುದು, ಇಲ್ಲ ಎಸೆಯಬಹುದು. ಹದಿನೆಂಟಕ್ಕೆ ಮದುವೆ, ಇಪ್ಪತ್ಮೂರರೊಳಗೆ ಎರಡೋ ಮೂರೋ ಹೆರಿಗೆ, ಆಮೇಲೆ ಮಕ್ಕಳಾಗದಂತೆ ‘ಆಪರೇಷನ್’. ಅಲ್ಲಿಗೆ ಚೀಲದ ಋಣ ತೀರಿತು. ಮುಂದೆ ಸೊಂಟ ನೋಯಲಿ, ಬಿಳಿ ಹೋಗಲಿ, ಮುಟ್ಟು ಏರುಪೇರಾಗಲಿ, ತಪ್ಪು ಚೀಲದ್ದೇ. ಕೈಯಲ್ಲೊಂದು ಸ್ಕ್ಯಾನಿಂಗ್ ರಿಪೋರ್ಟ್ ಬೇರೆ, ಅದರಲ್ಲಿ ‘ಬಲ್ಕಿ ಯುಟೆರಸ್’ ಅಂತ ಒಂದು ಸಾಲು. ಮೂರು ಹೆತ್ತವಳ ಗರ್ಭಕೋಶ ಒಂದಿಷ್ಟು ದೊಡ್ಡದಾಗಿರುವುದು ಸಹಜ. ಊರಿಗೆ ಹೋಗುವಷ್ಟರಲ್ಲಿ ಆ ಸಾಲು ‘ಚೀಲಕ್ಕ ಬಾವು ಬಂದೈತಂತ, ಬಿಟ್ರ ಕ್ಯಾನ್ಸರ್ ಆಗತೈತಂತ’ ಅಂತಾಗಿರುತ್ತದೆ.

ನಾನೂ ಈ ಮಾತಿಗೆ ತಲೆಯಾಡಿಸಿದವಳೇ. ಪಿಜಿ ಮುಗಿಸಿ ಬಂದ ಹೊಸತು, ಕೈ ಚುರುಕಾಗಿತ್ತು. ರಾಣೆಬೆನ್ನೂರು ಕಡೆಯ ಒಬ್ಬಾಕೆ ಬಂದಳು, ವಯಸ್ಸು ಇಪ್ಪತ್ತೊಂಬತ್ತು. (ಇಲ್ಲಿ ಬರುವ ಎಲ್ಲರ ಗುರುತನ್ನೂ ಸ್ವಲ್ಪ ಬದಲಿಸಿದ್ದೇನೆ.) ಸೊಂಟ ನೋವು, ಕಿಬ್ಬೊಟ್ಟೆ ನೋವು, ಬಿಳಿ ಮುಟ್ಟು, ತಿಂಗಳಿಗೆ ಏಳೆಂಟು ದಿನ ರಕ್ತಸ್ರಾವ. ಆಡು ಮಾರಿ ದುಡ್ಡು ಹೊಂದಿಸಿಕೊಂಡೇ ಬಂದಿದ್ದರು. ಹಿಮೋಗ್ಲೋಬಿನ್ ಕಡಿಮೆಯಿತ್ತು, ರಕ್ತ ಏರಿಸಿ ಸರಿ ಮಾಡಿಕೊಂಡೆ. ಯಾಕೆ ಕಡಿಮೆಯಿದೆ ಅಂತ ಕೇಳಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು, ಹೊಲಿಗೆಯೂ ನೀಟಾಗಿ ಕೂಡಿತು. ಎಂಟು ತಿಂಗಳಿಗೆ ಅದೇ ಹೆಂಗಸು ಅದೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಮುಂದೆ ನಿಂತಿದ್ದಳು. ಮುಟ್ಟು ನಿಂತದ್ದೊಂದು ಬಿಟ್ಟರೆ ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಅಂದು ಬೇರೇನೂ ತೋಚದೆ, ‘ತಂಗಿ, ಮುಂಜಾನಿಂದ ರಾತ್ರಿ ತನಕ ಏನೇನ್ ಮಾಡ್ತಿ, ಹೇಳು’ ಅಂದೆ. ಅರ್ಧ ತಾಸು ಹೇಳಿದಳು. ನೀರಿನ ಕೊಡ, ಹತ್ತಿ ಹೊಲದಲ್ಲಿ ಬಗ್ಗಿ ಮಾಡುವ ಕೆಲಸ, ಕುಡಿದು ಬರುವ ಗಂಡ, ಎರಡು ವರ್ಷದಿಂದ ಹತ್ತದ ನಿದ್ದೆ, ಎಲ್ಲರೂ ಉಂಡ ಮೇಲೆ ಉಳಿದರೆ ಉಣ್ಣುವುದು. ಆ ಪಟ್ಟಿಯಲ್ಲಿ ಗರ್ಭಕೋಶದ ಪಾಲು ಬಹಳ ಸಣ್ಣದಿತ್ತು. ನಾನು ತೆಗೆದದ್ದು ಅದನ್ನೊಂದೇ.

ಅಂದಿನಿಂದ ಹೊಸ ಪೇಶಂಟಿಗೆ ನನ್ನ ಮೊದಲ ಪ್ರಶ್ನೆ ‘ಏನು ತ್ರಾಸು?’ ಅಂತ ಇರುವುದಿಲ್ಲ. ‘ನಸುಕಿನ್ಯಾಗ ಎಷ್ಟಕ್ಕ ಏಳ್ತಿ?’ ಅಲ್ಲಿಂದ ಶುರು.

ಹೇಳುವುದು ಸುಲಭ, ಮಾಡುವುದಕ್ಕೆ ವ್ಯವಸ್ಥೆ ಬೇಕಾಯಿತು. ಮೊದಲು ಕುರ್ಚಿ. ಟೇಬಲ್ಲಿನ ಆಚೆ ಇದ್ದದ್ದನ್ನು ತೆಗೆದು ನನ್ನ ಪಕ್ಕಕ್ಕೆ ಹಾಕಿಸಿದೆ. ಎರಡನೆಯದು, ಜೊತೆಗೆ ಬಂದವರು. ಅತ್ತೆ ಅಥವಾ ಗಂಡ ಪಕ್ಕದಲ್ಲಿದ್ದರೆ ಉತ್ತರ ಅವರದೇ. ‘ನೀವು ಹೊರಗ ಕುಂದ್ರಿ’ ಅಂದರೆ ಸಂಶಯ ಬರುತ್ತದೆ. ಅದಕ್ಕೆ ನಮ್ಮ ಸಿಸ್ಟರ್ ಒಂದು ಉಪಾಯ ಮಾಡಿದ್ದಾಳೆ. ಅತ್ತೆಯನ್ನು ‘ಯವ್ವಾ, ನಿಮ್ದೂ ಬಿಪಿ ನೋಡೂಣು ಬರ್ರಿ’ ಅಂತ ಆಚೆ ಕರೆದೊಯ್ಯುತ್ತಾಳೆ, ಗಂಡನ ಕೈಗೆ ಲ್ಯಾಬಿನ ಚೀಟಿ ಕೊಡುತ್ತಾಳೆ. ಹತ್ತು ನಿಮಿಷ ಸಿಗುತ್ತದೆ. ಅತ್ತೆಯಂದಿರ ಬಿಪಿ ಎಷ್ಟು ಸಲ ನಿಜಕ್ಕೂ ಏರಿರುತ್ತದೆ ಅಂದರೆ, ಈ ಸುಳ್ಳಿಗೆ ಪಾಪ ತಟ್ಟಲಿಕ್ಕಿಲ್ಲ ಅಂತ ಧೈರ್ಯ ಬಂದಿದೆ.

ನಾನು ಎಣಿಸದೆ ಆದ ಅನುಕೂಲ ಬಸ್ಸಿನದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಕೆಲವೇ ತಿಂಗಳಲ್ಲಿ ಒಬ್ಬೊಬ್ಬರೇ ಬರುವ ಹೆಂಗಸರು ಹೆಚ್ಚಾದರು. ಮೊದಲು ಬಸ್ ಚಾರ್ಜಿಗೆ ಗಂಡನ ಮುಂದೆ ಕೈಚಾಚಬೇಕು, ಕೈಚಾಚಿದರೆ ಕಾರಣ ಹೇಳಬೇಕು. ಈಗ ಆಧಾರ್ ಕಾರ್ಡ್ ತೋರಿಸಿ ಹತ್ತುತ್ತಾರೆ. ‘ಮೂರು ವಾರ ಬಿಟ್ಟು ಬಾ’ ಅಂದರೆ ಬರುತ್ತಾರೆ. ಆಪರೇಷನ್ ಬಿಟ್ಟು ಬೇರೆ ಯಾವ ಚಿಕಿತ್ಸೆಗೂ ತಿರುಗಿ ಬರುವುದು ಮುಖ್ಯ. ಬರಲಾಗದವಳಿಗೆ ಒಂದೇ ಸಲಕ್ಕೆ ಮುಗಿಯುವ ಆಪರೇಷನ್ನೇ ಸೋವಿ ಅನಿಸಿದರೆ ಅವಳದೇನು ತಪ್ಪು?

ಈಗ ಮೆಣಸಿನಕಾಯಿಯ ಕತೆ. ಬ್ಯಾಡಗಿ ಕಡೆಯ ಒಬ್ಬಾಕೆ, ಮೂವತ್ತೈದರ ಆಸುಪಾಸು, ‘ಅಲ್ಲಿ’ ಉರಿ ಅಂತ ವರ್ಷಗಟ್ಟಲೆ ಅಲೆದಿದ್ದಳು. ಕೈಚೀಲದಲ್ಲಿ ನಾಲ್ಕು ದವಾಖಾನೆಗಳ ಚೀಟಿ. ಎಲ್ಲದರಲ್ಲೂ ಫಂಗಸ್ಸಿನ ಮುಲಾಮು, ಆ್ಯಂಟಿಬಯೋಟಿಕ್, ಗಂಡನಿಗೂ ಗುಳಿಗೆ. ಕೊನೆಯ ಚೀಟಿಯವರು ಚೀಲ ತೆಗೆಸಲು ಹೇಳಿದ್ದರು. ನೋಡಿದರೆ ಫಂಗಸ್ಸೂ ಇಲ್ಲ, ಸೋಂಕೂ ಇಲ್ಲ, ಚರ್ಮ ಮಾತ್ರ ಕೆಂಪಗೆ. ಕೆಲಸ ಕೇಳಿದೆ. ‘ಕಾಯಿ ತೊಟ್ಟು ಬಿಡಸಾಕ ಹೋಗತೀನ್ರಿ.’ ಎಷ್ಟು ತಾಸು? ‘ಎಂಟ್ರಿ. ಸೀಜನ್ನಾಗ ಹತ್ತೂ ಆಗತೈತಿ.’ ನಡುವೆ ಬಯಲಿಗೆ ಹೋದರೆ? ‘ಹಂಗ ಹೋಗಿ ಬರತೀನ್ರಿ.’ ಕೈ?

ಅವಳು ತನ್ನ ಬೆರಳು ನೋಡಿಕೊಂಡಳು. ನಾನೂ ನೋಡಿದೆ. ಉಗುರಿನ ಸಂದಿಯಲ್ಲಿ ಕೆಂಪು.

ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಅಂತ ನಾವೆಲ್ಲ ಹೇಳಿಕೊಂಡು ಓಡಾಡುತ್ತೇವೆ. ಎಂಟು ತಾಸು ಬಿಡಿಸುವ ಕೈಗೆ ಆ ಕಡಿಮೆಯೂ ಸಾಕು. ಮೇಲಾಗಿ ಅಂಗಳಕ್ಕೆ ಖಾರದ ತಳಿಯ ಕಾಯಿಯೂ ಬರುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಬರೀ ನೀರಿಗೆ ಬಿಡುವ ಸ್ವಭಾವದ್ದಲ್ಲ, ಎಣ್ಣೆಗೆ ಬಿಡುತ್ತದೆ. ಇವಳು ಕೆಲಸದ ನಡುವೆ ಬಯಲಿಗೆ ಹೋಗಿ ಅದೇ ಕೈಯಿಂದ ನೀರು ಹಾಕಿ ತೊಳೆದುಕೊಳ್ಳುತ್ತಿದ್ದಳು. ನನ್ನ ಚಿಕಿತ್ಸೆ ಇಷ್ಟು: ಒಂದು ಸಣ್ಣ ಬಾಟಲಿಯಲ್ಲಿ ಅಡಿಗೆ ಎಣ್ಣೆ ಒಯ್ಯಬೇಕು, ಹೋಗುವ ಮುಂಚೆ ಕೈಗೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಇದ್ದಬದ್ದ ಮುಲಾಮೆಲ್ಲ ಬಂದ್. ಮೂರು ವಾರಕ್ಕೆ ಬಂದಾಗ ಉರಿ ಹೋಗಿತ್ತು. ನಾಚಿಕೊಂಡು ನಗುತ್ತಾ, ‘ಓಣ್ಯಾನವ್ರಿಗೆಲ್ಲ ಹೇಳೇನ್ರಿ’ ಅಂದಳು. ಮುಂದಿನ ತಿಂಗಳು ಅದೇ ಓಣಿಯಿಂದ ಇನ್ನಿಬ್ಬರು ಬಂದರು. ಇಷ್ಟು ವರ್ಷದ ನನ್ನ ವೈದ್ಯಕೀಯದಲ್ಲಿ ಅತ್ಯಂತ ಅಗ್ಗದ ಔಷಧಿ ಇದೇ ಇರಬೇಕು.

ಮುಟ್ಟಿನ ಲೆಕ್ಕ ಕೇಳುವುದೂ ಒಂದು ಕಲೆ. ‘ಕಳೆದ ಮುಟ್ಟಿನ ದಿನಾಂಕ?’ ಅಂದರೆ ಮುಖ ನೋಡುತ್ತಾರೆ. ನಾನು ಗೋಡೆಗೆ ಗದಗಿನ ಶಾಬಾದಿಮಠರ ಕ್ಯಾಲೆಂಡರ್ ತೂಗುಹಾಕಿದ್ದೇನೆ. ‘ಸೀಗಿ ಹುಣ್ಣಿಮಿ ಮುಂದ ಆಗಿದ್ದೆ, ಆಮ್ಯಾಲ ಗೌರಿ ಹುಣ್ಣಿಮಿ ಮರುದಿನಾನ’ ಅಂತಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ, ಮುಟ್ಟಿನ ಚಕ್ರ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವ ಆ್ಯಪಿನಲ್ಲಿದೆ? ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಆಗುತ್ತಿದೆ ಅಂದವಳಿಗೆ ಥೈರಾಯ್ಡ್ ನೋಡುತ್ತೇನೆ, ಸ್ಕ್ಯಾನ್ ಮಾಡಿಸುತ್ತೇನೆ, ನಲವತ್ತೈದು ದಾಟಿದ್ದರೆ ಗರ್ಭಕೋಶದ ಒಳಪದರದ ಬಯಾಪ್ಸಿ. ಬಹಳ ಜನರಿಗೆ ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಗುಳಿಗೆ ಅಥವಾ ಹಾರ್ಮೋನು ಇರುವ ಕಾಪರ್-ಟಿಯಂಥ ಸಾಧನ ಸಾಕಾಗುತ್ತದೆ.

ರಕ್ತಹೀನತೆಯ ಮಾತು ಬೇರೆಯೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನರಿಗೆ ರಕ್ತಹೀನತೆ. ಹಿಮೋಗ್ಲೋಬಿನ್ ಎಂಟು ಇದ್ದವಳಿಗೆ ಸೊಂಟ ನೋಯದೆ, ತಲೆ ಸುತ್ತದೆ, ಎದೆ ಡಬಡಬ ಅನ್ನದೆ ಇರುತ್ತದೆಯೇ? ಬೀಟ್‌ರೂಟ್ ತಿಂದು ರಕ್ತ ಹೆಚ್ಚಾಗಲಿ ಅಂತ ಕಾಯುತ್ತಾರೆ. ಕೆಂಪಗಿದ್ದದ್ದೆಲ್ಲ ರಕ್ತವಾಗುವುದಿದ್ದರೆ ನಮ್ಮ ಜಿಲ್ಲೆಯಲ್ಲಿ ಒಬ್ಬಳಿಗೂ ರಕ್ತಹೀನತೆ ಇರುತ್ತಿರಲಿಲ್ಲ! ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬೇಡ, ಲಿಂಬೆ ಹಿಂಡಿದ ನೀರಿನ ಜೊತೆ ನುಂಗು, ವಾಕರಿಕೆ ಬಂದರೆ ದಿನ ಬಿಟ್ಟು ದಿನ ನುಂಗು, ಪಲ್ಯ ಮೊದಲು ನಿನ್ನ ತಾಟಿಗೆ ಹಾಕಿಕೋ. ಕೊನೆಯದು ಹೇಳಿದಾಗ ನಗುತ್ತಾರೆ. ‘ನಿನ್ನಿ ರಾತ್ರಿ ಏನುಂಡಿ?’ ಅಂದರೆ ಉತ್ತರ ಒಂದೇ: ‘ಉಳದದ್ದು.’

ಮನಸ್ಸಿನ ಪ್ರಶ್ನೆ ಕೇಳಲು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಖಿನ್ನತೆ ಅನ್ನುವ ಶಬ್ದ ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ. ‘ಜೀವಕ್ಕ ಬ್ಯಾಸರಾಗೈತೇನು? ಯಾವ್ದರಾಗೂ ಮನಸ್ಸಿಲ್ಲೇನು?’ ಅಂದರೆ ಕಣ್ಣು ತುಂಬುತ್ತದೆ. ಬಿಳಿ ಹೋಗುತ್ತದೆ ಅಂತ ಬರುವವರಲ್ಲಿ ಅನೇಕರಿಗೆ ಸೋಂಕು ಇರುವುದೇ ಇಲ್ಲ. ಒಂದಿಷ್ಟು ಬಿಳಿ ಸಹಜ, ಆದರೆ ‘ಧಾತು ಸೋರಿ ಮೈ ಸವಿಯಾಕತ್ತೈತಿ’ ಅನ್ನುವ ಅಂಜಿಕೆ ಸಹಜವಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸಿಗೆ ಬರೆದುಕೊಟ್ಟರೆ ‘ನನಗೇನ್ ಹುಚ್ಚ ಹಿಡದೈತೇನ್ರಿ’ ಅಂತ ಚೀಟಿ ಅಲ್ಲೇ ಬಿಟ್ಟು ಹೋದವರಿದ್ದಾರೆ. ಈಗ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಬರೆದುಕೊಡುತ್ತೇನೆ, ಫೋನಿನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಹೊಡೆತ ತಿಂದು ಬಂದವಳಿಗೆ, ಅಂಥ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದ ದಾರಿ ಹೇಳುತ್ತೇನೆ. ಹೋಗುವವರು ಕಡಿಮೆ. ಹೋಗಲೇಬೇಕು ಅಂತ ನಾನು ಗದರುವುದಿಲ್ಲ, ಮನೆಗೆ ಮರಳಿ ಹೋಗಬೇಕಾದವಳು ಅವಳು.

ಒಳಗಿನ ಪರೀಕ್ಷೆಯನ್ನು ಮೊದಲ ದಿನವೇ ಮಾಡುವ ರೂಢಿ ಬಿಟ್ಟೆ. ಅವಸರದ ಕಾರಣವಿದ್ದರೆ ಬೇರೆ ಮಾತು. ಮಾಡುವಾಗ ಉಪಕರಣವನ್ನು ಅವಳ ಕೈಗೆ ಕೊಟ್ಟು ತೋರಿಸುತ್ತೇನೆ, ಚಳಿಗಾಲದಲ್ಲಿ ಬಿಸಿನೀರಲ್ಲಿ ಅದ್ದುತ್ತೇನೆ. ‘ಸಾಕು ಅಂದ್ರ ತಗೀತೀನಿ’ ಅನ್ನುತ್ತೇನೆ, ಅಂದರೆ ತೆಗೆಯುತ್ತೇನೆ. ಗರ್ಭಕೋಶ ಎಷ್ಟು ದೊಡ್ಡದು ಅಂತ ಕೇಳಿದರೆ ಹೊಟ್ಟೆ ತುಂಬ ಕೈಯಾಡಿಸುತ್ತಾರೆ. ಟೇಬಲ್ ಮೇಲೆ ಒಂದು ಸಣ್ಣ ಪೇರಲಕಾಯಿ ಇಟ್ಟಿರುತ್ತೇನೆ. ‘ಇಷ್ಟನಾ?’ ಅಂತ ಬೆರಗಾಗುತ್ತಾರೆ. ಪೇರಲಕಾಯಿ ಸಂಜೆಗೆ ಸಿಸ್ಟರ್ ಪಾಲು.

ಇಷ್ಟೆಲ್ಲ ಬರೆದ ಮೇಲೆ ನನ್ನ ಇನ್ನೊಂದು ತಪ್ಪನ್ನೂ ಹೇಳಬೇಕು. ಎಲ್ಲದಕ್ಕೂ ಜೀವನವನ್ನೇ ಕಾರಣ ಮಾಡುವ ಚಟ ನಡುವೆ ಅಂಟಿಕೊಂಡಿತ್ತು. ಪಿಯುಸಿ ಹುಡುಗಿಯೊಬ್ಬಳು ಮುಟ್ಟಿನ ನೋವಿಗೆ ತಿಂಗಳಿಗೆರಡು ದಿನ ಕಾಲೇಜು ಬಿಡುತ್ತಿದ್ದಳು. ಪರೀಕ್ಷೆಯ ಒತ್ತಡ ಅಂದುಕೊಂಡೆ, ನಿದ್ದೆ-ಊಟದ ಉಪದೇಶ ಮಾಡಿದೆ. ಮನೆಯವರು ‘ಮದುವ್ಯಾದ್ರ ಸರಿಹೋಗತೈತಿ’ ಅಂದರು. ವರ್ಷದ ಮೇಲೆ ಸ್ಕ್ಯಾನಿನಲ್ಲಿ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲ, ಚಾಕೊಲೇಟ್ ಸಿಸ್ಟ್ ಕಂಡಿತು. ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ. ಅವಳ ಒಂದು ವರ್ಷದ ನೋವು ನನ್ನ ಲೆಕ್ಕದಲ್ಲಿದೆ. ಕೂಡಿದ ಮೇಲೆ ರಕ್ತ ಕಾಣಿಸುತ್ತದೆ, ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಬಂತು ಅಂದವಳ ದಿನಚರಿ ಕೇಳುತ್ತಾ ಕೂರಬಾರದು, ಮೊದಲು ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಮೂವತ್ತು ದಾಟಿದವರಿಗೆಲ್ಲ ಗರ್ಭಕಂಠದ ತಪಾಸಣೆ ಮಾಡುತ್ತೇನೆ. ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ ಸಂಶಯದ ಜಾಗ ಬೆಳ್ಳಗೆ ಕಾಣುತ್ತದೆ.

ಗರ್ಭಕೋಶ ತೆಗೆಯುವುದನ್ನು ಬಿಟ್ಟಿಲ್ಲ. ದೊಡ್ಡ ಫೈಬ್ರಾಯ್ಡ್ ಗಡ್ಡೆಗಳಿದ್ದು, ಗುಳಿಗೆಗೆ ಬಗ್ಗದೆ, ನಲವತ್ತೇಳರಲ್ಲಿ ಹಿಮೋಗ್ಲೋಬಿನ್ ಆರಕ್ಕಿಳಿದವಳಿಗೆ ಹೋದ ವರ್ಷವಷ್ಟೇ ತೆಗೆದೆ, ಈಗ ಎಮ್ಮೆ ಕಟ್ಟಿಕೊಂಡು ಆರಾಮ ಇದ್ದಾಳೆ. ಆದರೆ ಮೂವತ್ತರಲ್ಲಿ ತೆಗೆದರೆ, ಅದರಲ್ಲೂ ಅಂಡಾಶಯವನ್ನೂ ಜೊತೆಗೆ ತೆಗೆದರೆ, ಎಲುಬು ಬೇಗ ಸವೆಯುತ್ತದೆ, ಹೃದಯದ ತೊಂದರೆಯ ಸಂಭವ ಹೆಚ್ಚುತ್ತದೆ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರ ಸರ್ಕಾರದ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಗಿ ಬಂತು. ನಾನು ಈಗ ಬೇರೆ ಡಾಕ್ಟರ ಅಭಿಪ್ರಾಯ ಇಲ್ಲದೆ ನಲವತ್ತರ ಕೆಳಗಿನವರಿಗೆ ಕೈ ಹಚ್ಚುವುದಿಲ್ಲ.

ಗಳಿಕೆ ಕಡಿಮೆಯಾಯಿತು, ಅದೂ ಹೇಳಿಬಿಡುತ್ತೇನೆ. ಒಬ್ಬಳಿಗೆ ಇಪ್ಪತ್ತೈದು ನಿಮಿಷ ಕೊಟ್ಟರೆ ಹೊರಗಿನ ಬೆಂಚು ಗೊಣಗುತ್ತದೆ. ಹೊಸಬರಿಗೆ ಮಂಗಳವಾರ ಮಧ್ಯಾಹ್ನ ಮೀಸಲಿಟ್ಟಿದ್ದೇನೆ, ಅರ್ಧ ಪ್ರಶ್ನೆಗಳನ್ನು ಸಿಸ್ಟರೇ ಕೇಳಿ ಬರೆದಿಡುತ್ತಾಳೆ, ನನಗಿಂತ ಚೆನ್ನಾಗಿ ಕೇಳುತ್ತಾಳೆ.

ಮೆಣಸಿನಕಾಯಿಯವಳ ಉರಿ ಹೋಯಿತು ಅಂದೆನಲ್ಲ, ಈ ಬೇಸಿಗೆಯಲ್ಲಿ ಮತ್ತೆ ಬಂದಳು. ಈ ಸಲ ಉರಿಮೂತ್ರ, ಚಳಿಜ್ವರ. ನೀರೇ ಕುಡಿಯುತ್ತಿರಲಿಲ್ಲ, ಕುಡಿದರೆ ಎದ್ದು ಹೋಗಬೇಕಲ್ಲ. ಅವಳು ಕೂಲಿಗೆ ಹೋಗುವ ಗೋದಾಮಿಗೆ ಒಂದು ಭಾನುವಾರ ನಾನೇ ಹೋಗಿ ಮಾಲಕರನ್ನು ಕಂಡೆ. ಚಹಾ ಕೊಟ್ಟರು, ಮರ್ಯಾದೆಯಿಂದ ಮಾತಾಡಿದರು. ‘ಸಂಡಾಸ ಐತ್ರಿ ಮೇಡಂ, ಟೈಲ್ಸ್ ಹಾಕಿಸೇವಿ’ ಅಂತ ಕರೆದೊಯ್ದು ತೋರಿಸಿದರು. ಹೌದು, ಇತ್ತು. ಬಾಗಿಲಿಗೆ ಕೀಲಿ. ಕೀಲಿಕೈ ಯಾರ ಹತ್ತಿರ ಅಂದೆ.

‘ಮ್ಯಾನೇಜರ್ ಕಡೆ ಇರತೈತ್ರಿ. ಕೇಳಿದ್ರ ಕೊಡತಾನು.’

ಮ್ಯಾನೇಜರ್ ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗ. ಪಕ್ಕದಲ್ಲೇ ನಿಂತಿದ್ದ. ನೆಲ ನೋಡುತ್ತಿದ್ದ.